ಮೈಸೂರಿನಲ್ಲಿ ಕಂಪೈಲ್, ಮಂಡ್ಯದಲ್ಲಿ ಲೋಡ್

ಮಂಡ್ಯದಲ್ಲಿರುವ ನನ್ನ ಸೋದರಮಾವನ ಬಳಿ ಒಂದು ಡಿಬಿ ಸ್ಪೆಕ್ಟ್ರಮ್ ಪ್ಲಸ್ ಇದೆ. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರಿನ ಭಾರತೀಯ ರೂಪ ಅದು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಪುಣೆಯ ಕಂಪನಿಯೊಂದು ಪರವಾನಗಿ ಪಡೆದು ಇಲ್ಲಿ ಮಾರುತ್ತಿತ್ತು. ಮಾವ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ, ಸಂಬಳದಲ್ಲಿ ಉಳಿಸಿದ ಹಣ ಕೊಟ್ಟು ಅದನ್ನು ಕೊಂಡರು. ನಿವೃತ್ತಿಯ ನಂತರ ಅಟ್ಟದಿಂದ ಇಳಿಸಿ, ಕೀಲಿಮಣೆಯ ಒಳಗಿನ ಸೀಳಿದ ಪ್ಲಾಸ್ಟಿಕ್ ಪೊರೆಯನ್ನು ಬದಲಿಸಿ, ಒಣಗಿದ ಕೆಪಾಸಿಟರ್‌ಗಳನ್ನು ತೆಗೆಸಿ ಹೊಸದನ್ನು ಬೆಸುಗೆ ಹಾಕಿಸಿ, ಅದಕ್ಕೆ ಮತ್ತೆ ಜೀವ ಕೊಟ್ಟಿದ್ದಾರೆ. ಹಳೆಯ ಟಿ.ವಿ. ಆಂಟೆನಾ ಸಿಗ್ನಲ್ಲಿನ ಬದಲು ನೇರ ವಿಡಿಯೊ ತಂತಿ ಹೊರಬರುವಂತೆ ಮಾಡಿಸಿರುವುದರಿಂದ ಚಿತ್ರವೂ ಅಲುಗಾಡದೆ ನಿಲ್ಲುತ್ತದೆ.

ಮಾವನ ಬಳಿ ಇರುವ ಇನ್ನೊಂದು ಆಸ್ತಿ ಒಂದು ದಪ್ಪ ಲೆಕ್ಕದ ಪುಸ್ತಕ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆ ನೋಡಿ ದಿನವೂ ಅದರಲ್ಲಿ ಬರೆಯುತ್ತಾರೆ. ಅವರ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಭತ್ತ ನಾಟಿ ಮಾಡಬೇಕೋ ರಾಗಿಗೆ ಇಳಿಯಬೇಕೋ ಎಂಬುದನ್ನು ಆ ಅಂಕಿಗಳೇ ತೀರ್ಮಾನಿಸುತ್ತವೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯ ಜಿಲ್ಲೆಯ ಮಕ್ಕಳಿಗೂ ಗೊತ್ತು.

ಮಾವ ಕೇಳಿದ್ದು ಇಷ್ಟೇ: "ಈ ಪುಸ್ತಕದ ಅಂಕಿಗಳನ್ನು ಆ ಯಂತ್ರಕ್ಕೆ ತುಂಬಿಸಿ, ಈ ವರ್ಷದ್ದು ಹೋದ ವರ್ಷದ್ದು ಎರಡೂ ಗೆರೆ ಒಟ್ಟಿಗೆ ಕಾಣುವಂತೆ ಮಾಡಲು ಆಗುತ್ತದೆಯೇನಮ್ಮ? ಆದರೆ ಪರದೆಯ ಮೇಲೆ ಕನ್ನಡವೇ ಇರಬೇಕು. ಅಂಕಿಯೂ ಕನ್ನಡದ್ದೇ."

ಮೊಬೈಲಿನಲ್ಲಿ ಇದನ್ನು ಮಾಡುವುದು ಸುಲಭವೆಂದು ಮಾವನಿಗೂ ಗೊತ್ತು. ಅವರಿಗೆ ಬೇಕಿದ್ದದ್ದು ತಮ್ಮ ಯಂತ್ರ ತಮ್ಮ ಭಾಷೆಯಲ್ಲಿ ತಮ್ಮ ಊರಿನ ಒಂದು ಕೆಲಸವನ್ನು ಮಾಡುವುದು. ಕೊಂಡ ದಿನದಿಂದ ಅದು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ತೋರಿಸುತ್ತ ಬಂದಿತ್ತು. ಆ ಆಸೆ ನನಗೆ ಪೂರ್ತಿ ಅರ್ಥವಾಯಿತು. "ಮಾಡೋಣ ಮಾವ, ಆದರೆ ಬರೆಯುವುದು ಮೈಸೂರಿನಲ್ಲಿ, ನಡೆಯುವುದು ನಿಮ್ಮಲ್ಲಿ" ಎಂದೆ.

ಆ ಯಂತ್ರದಲ್ಲಿ ಒಟ್ಟು 48 ಕಿಲೋಬೈಟ್ ಬಳಸಬಹುದಾದ ಮೆಮೊರಿ. ಅದರಲ್ಲಿ 6912 ಬೈಟ್ ಪರದೆಗೇ ಮೀಸಲು. ಪ್ರೊಸೆಸರ್ ಝಡ್80, ವೇಗ 3.5 ಮೆಗಾಹರ್ಟ್ಸ್. 1976ರಲ್ಲಿ ಬಂದ ಈ ಚಿಪ್ಪಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಝಿಲಾಗ್ ಕಂಪನಿ ಪ್ರಕಟಿಸಿದ್ದು 2024ರಲ್ಲಿ, ಅಷ್ಟು ದೀರ್ಘ ಬಾಳು ಅದರದ್ದು. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ನಾನು ಕೆಲಸಕ್ಕೆ ಬಳಸುವ ವರ್ಕ್‌ಸ್ಟೇಷನ್‌ಗೆ 64 ಗಿಗಾಬೈಟ್ ಮೆಮೊರಿ ಇದೆ, ಅಂದರೆ ಸುಮಾರು 14 ಲಕ್ಷ ಪಟ್ಟು. ನಾವು ಸಿ ಭಾಷೆಯಲ್ಲಿ ಬರೆದದ್ದನ್ನು ಪ್ರೊಸೆಸರಿನ ಆದೇಶಗಳಾಗಿ ಬದಲಿಸುವ ಕಂಪೈಲರ್ ಆ ಕಾಲದಲ್ಲಿ ಸ್ಪೆಕ್ಟ್ರಮ್‌ಗೂ ಇತ್ತು. ಆದರೆ ಬರೆಯಲು ಬೇಕಾದ ಎಡಿಟರ್, ಮೂಲ ಬರಹ, ಕಂಪೈಲರ್, ಅದು ಕೊಡುವ ಫಲ ಎಲ್ಲವೂ ಅದೇ 48 ಕಿಲೋಬೈಟಿನಲ್ಲಿ ಒತ್ತಿಕೊಂಡು ಕೂರಬೇಕು, ಪ್ರತಿ ಸಲವೂ ಕ್ಯಾಸೆಟ್ಟಿನಿಂದ ಓದಬೇಕು. ಒಂದು ಯಂತ್ರಕ್ಕಾಗಿ ಇನ್ನೊಂದು ಯಂತ್ರದಲ್ಲಿ ಕಂಪೈಲ್ ಮಾಡುವುದೇ ಕ್ರಾಸ್ ಕಂಪೈಲ್. ಇದು ಹಳೆಯ ದಾರಿ. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲನ್ ಆಲ್ಟೇರ್ ಎಂಬ ಚಿಕ್ಕ ಕಂಪ್ಯೂಟರಿಗೆ ಬೇಸಿಕ್ ಎಂಬ ಭಾಷೆಯ ತಂತ್ರಾಂಶ ಬರೆದಾಗ ಅವರ ಕೈಯಲ್ಲಿ ಆಲ್ಟೇರ್ ಇರಲೇ ಇಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಡಿಪಿ-10 ಕಂಪ್ಯೂಟರಿನಲ್ಲಿ ಅಲನ್ ಆಲ್ಟೇರಿನ 8080 ಪ್ರೊಸೆಸರಿನ ನಕಲನ್ನು ತಂತ್ರಾಂಶವಾಗಿ ಕಟ್ಟಿದರು, ಅದರ ಮೇಲೆ ಬೇಸಿಕ್ ಬೆಳೆಯಿತು, ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಆಲ್ಟೇರ್ ತಯಾರಕರಿದ್ದ ಆಲ್ಬುಕರ್ಕಿಗೆ ಹೋಯಿತು. ನಿಜವಾದ ಯಂತ್ರವನ್ನು ಅದು ಮುಟ್ಟಿದ್ದು ಅಲ್ಲಿಯೇ ಮೊದಲು.

ಮಾವನಿಗೆ ಇದನ್ನು ವಿವರಿಸಿದಾಗ ಅವರು ಕ್ಷಣವೂ ಯೋಚಿಸಲಿಲ್ಲ. "ಆಲೆಮನೆ ಇದ್ದ ಹಾಗೆ. ಕಬ್ಬು ಅರೆಯುವುದು, ಹಾಲು ಕುದಿಸುವುದು, ಕೊಪ್ಪರಿಗೆ, ಒಲೆ ಎಲ್ಲ ಅಲ್ಲಿ. ಮನೆಗೆ ಬರುವುದು ಬೆಲ್ಲದ ಅಚ್ಚು ಮಾತ್ರ" ಎಂದರು. ಯಾವ ಕೆಲಸ ಮೈಸೂರಿನಲ್ಲಿ ಮುಗಿಯಬೇಕು, ಯಾವುದು ಮಂಡ್ಯಕ್ಕೆ ಉಳಿಯಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಮಾತೇ ಉತ್ತರ ಕೊಟ್ಟಿತು.

ಸಲಕರಣೆಗಳನ್ನು ಸ್ಥಾಪಿಸುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಝಡ್88ಡಿಕೆ ಎಂಬ ಮುಕ್ತ ತಂತ್ರಾಂಶದ ಕಟ್ಟು ಲಿನಕ್ಸ್‌ನಲ್ಲಿ ತೊಂದರೆಯಿಲ್ಲದೆ ಕೂರುತ್ತದೆ. ಕೇಂಬ್ರಿಜ್ ಝಡ್88 ಎಂಬ ಕೈಗಣಕಕ್ಕಾಗಿ ಹುಟ್ಟಿದ ಅದು ಇಂದು ಝಡ್80 ಕುಟುಂಬದ ಹತ್ತಾರು ಯಂತ್ರಗಳಿಗೆ ಕೋಡ್ ಕೊಡುತ್ತದೆ. ಸಿ ಭಾಷೆಯಲ್ಲಿ ಬರೆದು, ಗುರಿಯ ಯಂತ್ರ ಯಾವುದೆಂದು ಹೇಳಿದರೆ, ಕೊನೆಗೆ ಕ್ಯಾಸೆಟ್ಟಿನ ಪ್ರತಿರೂಪದಂಥ ಒಂದು ಕಡತ ಸಿಗುತ್ತದೆ. ಕೋಡ್ ಮೆಮೊರಿಯ 32768ನೆಯ ವಿಳಾಸದಿಂದ ಆರಂಭವಾಗುವಂತೆ ಇಟ್ಟೆ. ಅದಕ್ಕಿಂತ ಕೆಳಗಿನ 16 ಕಿಲೋಬೈಟನ್ನು ಪರದೆ ಬಿಡಿಸುವ ಯುಎಲ್‌ಎ ಚಿಪ್ಪು ಕೂಡ ಓದುತ್ತಿರುತ್ತದೆ, ಅದು ಓದುವಾಗ ಪ್ರೊಸೆಸರ್ ಕಾಯಬೇಕು. ಮೇಲಿನ 32 ಕಿಲೋಬೈಟಿನಲ್ಲಿ ಆ ಕಾಯುವಿಕೆ ಇಲ್ಲ.

ಇಲ್ಲಿ ನನಗೆ ಹಿಡಿಸಿದ ಸಂಗತಿಯೊಂದಿದೆ. ಈ ಕಟ್ಟಿನೊಳಗಿನ ಎಸ್‌ಡಿಸಿಸಿ ಕಂಪೈಲರಿಗೆ, ಪ್ರೊಸೆಸರಿನೊಳಗೆ ಸಂಖ್ಯೆ ಹಿಡಿದಿಡುವ ಪುಟ್ಟ ಜಾಗಗಳಾದ ರಿಜಿಸ್ಟರ್‌ಗಳನ್ನು ಹಂಚುವಾಗ ಎಷ್ಟು ಸಾಧ್ಯತೆಗಳನ್ನು ತೂಗಿ ನೋಡಬೇಕು ಎಂದು ನಾವೇ ಹೇಳಬಹುದು. ಹೇಳದಿದ್ದರೆ ಪ್ರತಿ ಹಂತಕ್ಕೆ 3000. ಝಡ್88ಡಿಕೆ ಬಳಸುವವರು ಸಾಮಾನ್ಯವಾಗಿ ಅದನ್ನು 200000ಕ್ಕೆ ಏರಿಸುತ್ತಾರೆ. ಝಡ್80ಯಲ್ಲಿ ರಿಜಿಸ್ಟರ್‌ಗಳು ಕಡಿಮೆ, ಒಂದೊಂದಕ್ಕೂ ಒಂದೊಂದು ಸ್ವಭಾವ. ಒಂದು ಮೌಲ್ಯ ಎಚ್‌ಎಲ್‌ನಲ್ಲಿ ಇದೆಯೋ ಬಿ.ಸಿ. ಎಂಬ ರಿಜಿಸ್ಟರಿನಲ್ಲಿ ಇದೆಯೋ ಎಂಬುದರ ಮೇಲೆ ಕೋಡ್ ಅರ್ಧಕ್ಕೆ ಇಳಿಯಬಹುದು, ಎರಡರಷ್ಟೂ ಆಗಬಹುದು. ಆದ್ದರಿಂದ ಈ ಹುಡುಕಾಟ ವ್ಯರ್ಥವಲ್ಲ. ಆದರೆ ಕೆಲವು ನೂರು ಸಾಲುಗಳ ಕಡತಕ್ಕೂ ನನ್ನ ವರ್ಕ್‌ಸ್ಟೇಷನ್ ನಿಮಿಷಗಟ್ಟಲೆ ಉಸಿರು ಬಿಗಿಹಿಡಿಯುತ್ತಿತ್ತು. ಅದೇ ಬರಹವನ್ನು ಅದರದ್ದೇ ಪ್ರೊಸೆಸರಿಗೆ ಕಂಪೈಲ್ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂದು ಕಡತವನ್ನು ಒಂದೇ ಕೋರ್ ನೋಡಿಕೊಳ್ಳುವುದರಿಂದ ಕಾರ್ಯಕ್ರಮವನ್ನು ಸಣ್ಣ ಸಣ್ಣ ಕಡತಗಳಾಗಿ ಒಡೆದೆ. ಆಗ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿದವು. ಕೆಲವೇ ಸಾವಿರ ಬೈಟ್ ಕೋಡಿಗಾಗಿ ಅಷ್ಟು ದೊಡ್ಡ ಯಂತ್ರದ ಫ್ಯಾನ್ ಜೋರಾಗಿ ತಿರುಗುವುದನ್ನು ಕೇಳುವುದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿತು. ಅದರ ಶ್ರಮವೆಲ್ಲ ಮಂಡ್ಯದಲ್ಲಿ ಉಳಿತಾಯವಾಗಿ ಬರುತ್ತದೆ.

ಇನ್ನು ಕನ್ನಡದ ವಿಷಯ. ಈ ಕೆಲಸದ ಬಹುಪಾಲು ಸಮಯ ಹೋದದ್ದು ಇಲ್ಲಿಯೇ.

ಸ್ಪೆಕ್ಟ್ರಮ್ ಪರದೆ 256 ಪಿಕ್ಸೆಲ್ ಅಗಲ, 192 ಪಿಕ್ಸೆಲ್ ಎತ್ತರ. ಅದರ ಇಂಗ್ಲಿಷ್ ಅಕ್ಷರ 8ಕ್ಕೆ 8ರ ಚೌಕದಲ್ಲಿ ಮುಗಿಯುತ್ತದೆ. ಕನ್ನಡದ ತಲೆಕಟ್ಟು, ಅಕ್ಷರದ ಹೊಟ್ಟೆ, ಗುಣಿತದ ಚಿಹ್ನೆ, ಕೆಳಗೆ ಒತ್ತು, ಇವೆಲ್ಲವನ್ನೂ 8 ಸಾಲುಗಳಲ್ಲಿ ಹಿಡಿಸಲು ಸಾಧ್ಯವೇ ಇಲ್ಲ. ಅಕ್ಷರಕ್ಕೆ 16, ಒತ್ತಿಗೆ 8 ಎಂದು ಒಟ್ಟು 24 ಪಿಕ್ಸೆಲ್ ಎತ್ತರ ಇಟ್ಟುಕೊಂಡೆ. ಪರದೆಯಲ್ಲಿ 8 ಸಾಲು ಕನ್ನಡ ಬರುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಅಕ್ಷರಗಳನ್ನು ಜೋಡಿಸುವವರು ಯಾರು? ಯೂನಿಕೋಡ್‌ನಲ್ಲಿ "ಮಟ್ಟ" ಎಂಬುದು ಮ, ಟ, ಅರ್ಧಾಕ್ಷರದ ಚಿಹ್ನೆ (್), ಟ ಎಂಬ ನಾಲ್ಕು ಸಂಕೇತಗಳು. ಎರಡನೆಯ ಟ ಒತ್ತಾಗಿ ಕೆಳಗಿಳಿಯಬೇಕು ಎಂಬುದು ಫಾಂಟಿನ ಒಳಗಿನ ನಿಯಮ. ಆ ನಿಯಮಗಳನ್ನು ಓದಿ ನಡೆಸುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಇಂದು ನಮ್ಮ ಮೊಬೈಲುಗಳಲ್ಲೂ ಬ್ರೌಸರ್‌ಗಳಲ್ಲೂ ಇದೆ. ಅದನ್ನು ಝಡ್80ಗೆ ಒಯ್ಯುವ ಯೋಚನೆಯೇ ಬೇಡ. ಕಾರ್ಯಕ್ರಮ ತೋರಿಸಬೇಕಾದ ಪದಗಳು ಎಷ್ಟು? ಇಂದಿನ ಮಟ್ಟ, ಅಡಿ, ಹೋದ ವರ್ಷ, ದಿನಾಂಕ, ತಿಂಗಳುಗಳ ಹೆಸರು, ತಿದ್ದು, ಉಳಿಸು, ಓದು, ಇಂಥವು. ಎಲ್ಲವೂ ಮೊದಲೇ ಗೊತ್ತಿರುವ ಪದಗಳು. ಹಾಗಾದರೆ ಒಂದೊಂದು ಪದವನ್ನೂ ವರ್ಕ್‌ಸ್ಟೇಷನ್ನಿನಲ್ಲಿಯೇ ಪೂರ್ತಿ ಜೋಡಿಸಿ, ಕಪ್ಪು ಬಿಳುಪು ಚಿತ್ರವಾಗಿಸಿ, ಬೈಟ್‌ಗಳ ಸಾಲಾಗಿ ಕೊಟ್ಟರಾಯಿತು. ಸ್ಪೆಕ್ಟ್ರಮ್‌ಗೆ ಕನ್ನಡದ ವ್ಯಾಕರಣ ಗೊತ್ತಿರಬೇಕಾಗಿಲ್ಲ, ಚಿತ್ರವನ್ನು ಸರಿಯಾದ ಜಾಗಕ್ಕೆ ನಕಲಿಸಲು ಬಂದರೆ ಸಾಕು.

ಪೈಥಾನ್ ಭಾಷೆಯಲ್ಲಿ ಒಂದು ಚಿಕ್ಕ ಕಾರ್ಯಕ್ರಮ ಬರೆದೆ. ಚಿತ್ರಗಳನ್ನು ಮಾಡಿಕೊಡುವ ಪಿಲ್ಲೋ ಎಂಬ ಸಿದ್ಧ ಕೋಡಿನ ಸಂಗ್ರಹಕ್ಕೆ ರಾಕ್ಮ್ ಎಂಬ ಜೋಡಣೆಯ ಸಹಾಯಕ ಇದ್ದರೆ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ, ಇಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡಕ್ಕೆ ಇಂಥದ್ದನ್ನು ಮಾಡಹೊರಡುವವರು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಫಾಂಟ್ ಆಗಿ ನೋಟೊ ಸಾನ್ಸ್ ಕನ್ನಡವನ್ನು ಆರಿಸಿಕೊಂಡೆ.

16 ಪಿಕ್ಸೆಲ್ ಎತ್ತರಕ್ಕೆ ಇಳಿಸಿದಾಗ ಯಾವ ಫಾಂಟೂ ತಾನಾಗಿ ಚೆನ್ನಾಗಿ ಬರುವುದಿಲ್ಲ. ಬೂದು ಅಂಚುಗಳನ್ನು ಕಪ್ಪು ಇಲ್ಲವೇ ಬಿಳಿ ಎಂದು ಕಡ್ಡಾಯವಾಗಿ ಒಡೆದಾಗ ಕನ್ನಡದ ಸೂಕ್ಷ್ಮಗಳೇ ಮೊದಲು ಹೋಗುತ್ತವೆ. ದ ಮತ್ತು ಧ ನಡುವಿನ ವ್ಯತ್ಯಾಸ ಅಕ್ಷರದ ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಷ ನಡುವೆ ಇರುವುದು ಒಳಗಿನ ಒಂದು ಗೀರು. ಈ ಗಾತ್ರದಲ್ಲಿ ಅವೆಲ್ಲ ಒಂದೋ ಎರಡೋ ಪಿಕ್ಸೆಲ್‌ಗಳ ಮಾತು. ಯಂತ್ರ ಕೊಟ್ಟದ್ದನ್ನು ದೊಡ್ಡದಾಗಿ ತೆರೆದು, ಪದ ಪದವನ್ನೂ ಕೈಯಿಂದ ತಿದ್ದಿದೆ. ವರ್ಕ್‌ಸ್ಟೇಷನ್ ಎಷ್ಟೇ ಬಲಶಾಲಿಯಾಗಿದ್ದರೂ ಈ ಒಂದು ಕೆಲಸವನ್ನು ಅದಕ್ಕೆ ಒಪ್ಪಿಸಲು ಆಗಲಿಲ್ಲ, ಒಪ್ಪಿಸಬೇಕೆಂದು ನನಗೆ ಅನಿಸಲೂ ಇಲ್ಲ. "ಷ್ಠ" ಎಂಬ ಜೋಡಣೆಯ ಒಳಗೀರನ್ನೂ ಅದರ ಕೆಳಗಿನ ಠ ಒತ್ತಿನ ಉರುಟನ್ನೂ ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಚಿಕ್ಕದಲ್ಲ. ಗರಿಷ್ಠ ಮಟ್ಟ ಎಂದು ಬರೆಯದೆ ಮಾವ ಬಿಡುತ್ತಿರಲಿಲ್ಲ.

ಪರದೆಗೆ ನಕಲಿಸುವುದರಲ್ಲಿಯೂ ಒಂದು ಗಂಟಿದೆ. ಸ್ಪೆಕ್ಟ್ರಮ್‌ನ ಪರದೆ ಮೆಮೊರಿಯಲ್ಲಿ ಮೇಲಿನಿಂದ ಕೆಳಕ್ಕೆ ನೇರವಾಗಿ ಹರಡಿಲ್ಲ. ಪರದೆಯನ್ನು ಮೂರು ಭಾಗ ಮಾಡಿ, ಪ್ರತಿ ಭಾಗದಲ್ಲಿ 8 ಅಕ್ಷರ ಸಾಲುಗಳ ಮೊದಲ ಗೆರೆಗಳು, ಆಮೇಲೆ ಎರಡನೆಯ ಗೆರೆಗಳು ಎಂಬ ಕ್ರಮದಲ್ಲಿ ಬರುತ್ತವೆ. ಒಂದು ಅಕ್ಷರದ ಒಳಗೆ ಒಂದು ಗೆರೆ ಕೆಳಗಿಳಿಯಲು ವಿಳಾಸಕ್ಕೆ 256 ಕೂಡಿಸಬೇಕು. 24 ಪಿಕ್ಸೆಲ್ ಎತ್ತರದ ಕನ್ನಡ ಪದ ಮೂರು ಅಕ್ಷರ ಸಾಲುಗಳನ್ನು ದಾಟುವುದರಿಂದ, ದಾಟುವ ಕಡೆಯಲ್ಲೆಲ್ಲ ಲೆಕ್ಕ ಬದಲಾಗುತ್ತದೆ. ಇದನ್ನು ಝಡ್80ಯಿಂದ ಪ್ರತಿ ಸಲ ಮಾಡಿಸುವ ಬದಲು, 192 ಗೆರೆಗಳ ಆರಂಭದ ವಿಳಾಸಗಳನ್ನು ಮೈಸೂರಿನಲ್ಲಿಯೇ ಲೆಕ್ಕಹಾಕಿ ಕೋಷ್ಟಕವಾಗಿ ಇಟ್ಟೆ. ಖರ್ಚು 384 ಬೈಟ್. ಪದಗಳು ಪರದೆಗೆ ಬರುವುದು ಕಣ್ಣಿಗೆ ತಿಳಿಯದಷ್ಟು ಬೇಗ.

ಚಿತ್ರಗಳ ಗಾತ್ರವನ್ನೂ ಕುಗ್ಗಿಸಬೇಕಿತ್ತು. ಸಾಧಾರಣ ಪದವೊಂದು 64 ಪಿಕ್ಸೆಲ್ ಅಗಲವಾದರೆ 192 ಬೈಟ್ ಬೇಕು, ನಲವತ್ತು ಪದಗಳಿಗೆ ಏಳೂವರೆ ಕಿಲೋಬೈಟ್. ಝಡ್‌ಎಕ್ಸ್0 ಎಂಬ ಕುಗ್ಗಿಸುವ ವಿಧಾನ ಇಂಥ ಯಂತ್ರಗಳಿಗೆಂದೇ ರೂಪುಗೊಂಡದ್ದು. ಅತ್ಯಂತ ಚಿಕ್ಕ ರೂಪವನ್ನು ಹುಡುಕುವ ಭಾರವೆಲ್ಲ ದೊಡ್ಡ ಕಂಪ್ಯೂಟರಿನ ಮೇಲೆ, ಬಿಚ್ಚುವ ಕೋಡ್ ಝಡ್80ಯಲ್ಲಿ ಕೇವಲ 68 ಬೈಟ್. ಕೊಪ್ಪರಿಗೆ ಅಲ್ಲಿ, ಅಚ್ಚು ಇಲ್ಲಿ. ಪದಚಿತ್ರಗಳು ಸುಮಾರು ಅರ್ಧಕ್ಕೆ ಇಳಿದವು.

ಲೆಕ್ಕದ ಭಾಗಕ್ಕೆ ಬರುತ್ತೇನೆ. ಮಟ್ಟವನ್ನು ಅಡಿಯ ನೂರನೆಯ ಭಾಗದಲ್ಲಿ ಪೂರ್ಣಾಂಕವಾಗಿ ಇಟ್ಟರೆ 124.80 ಎಂಬುದು 12480 ಆಗುತ್ತದೆ. ದಶಮಾಂಶದ ಗಣಿತ ಝಡ್80ಗೆ ಬಲು ದುಬಾರಿ, ಅದಕ್ಕೆ ಗುಣಾಕಾರದ ಆದೇಶವೂ ಇಲ್ಲ. ಕ್ರಾಸ್ ಕಂಪೈಲ್ ಮಾಡುವವರು ಎಚ್ಚರವಿರಬೇಕಾದ ಜಾಗ ಇದು. ಲೆಕ್ಕದ ಭಾಗವನ್ನು ಮೊದಲು ವರ್ಕ್‌ಸ್ಟೇಷನ್ನಿನಲ್ಲಿಯೇ ನಡೆಸಿ ಪರೀಕ್ಷಿಸುವುದು ಎಲ್ಲರ ರೂಢಿ. ಅಲ್ಲಿ ಸಿ ಭಾಷೆಯ ಸಾಮಾನ್ಯ ಪೂರ್ಣಾಂಕ 32 ಬಿಟ್, ಅಂದರೆ ಸೊನ್ನೆ ಒಂದುಗಳ 32 ಸ್ಥಾನ, ಝಡ್80ಯಲ್ಲಿ 16 ಬಿಟ್. 12480ನ್ನು 3ರಿಂದ ಗುಣಿಸಿದರೆ 37440. ದೊಡ್ಡ ಯಂತ್ರ ನಿರಾಯಾಸವಾಗಿ ಒಪ್ಪುತ್ತದೆ, ಚಿಕ್ಕದರಲ್ಲಿ ಗಡಿ 32767, ಅದನ್ನು ದಾಟಿದ್ದು ಋಣಸಂಖ್ಯೆಯಾಗಿ ತಿರುಗುತ್ತದೆ. ಎರಡೂ ಕಡೆ 16 ಬಿಟ್ ಎಂದು ಸ್ಪಷ್ಟವಾಗಿ ಘೋಷಿಸಿದರೂ ಈ ಅಪಾಯ ಬಯಲಿಗೆ ಬರುವುದಿಲ್ಲ, ಏಕೆಂದರೆ ದೊಡ್ಡ ಯಂತ್ರದಲ್ಲಿ ಲೆಕ್ಕ ನಡೆಯುವಾಗ ಮೌಲ್ಯಗಳು ಮೊದಲು 32 ಬಿಟ್‌ಗೆ ಏರುತ್ತವೆ ಎಂಬುದು ಆ ಭಾಷೆಯ ನಿಯಮ. ಪರೀಕ್ಷೆ ಮೈಸೂರಿನಲ್ಲಿ ಗೆಲ್ಲುತ್ತದೆ, ಗೆರೆ ಮಂಡ್ಯದಲ್ಲಿ ಪಾತಾಳಕ್ಕೆ ಇಳಿಯುತ್ತದೆ. ಹಾಗಾಗಿ ಗುಣಾಕಾರವನ್ನೇ ದೂರವಿಟ್ಟೆ. ನಕ್ಷೆಯ ತಳ 60 ಅಡಿ, ಮೇಲ್ತುದಿ 125 ಅಡಿ, ಅರ್ಧ ಅಡಿಗೆ ಒಂದು ಪಿಕ್ಸೆಲ್, ಒಟ್ಟು 130 ಪಿಕ್ಸೆಲ್. ಕಳೆಯುವುದು ಮತ್ತು ಹೋಲಿಸುವುದು ಎರಡರಲ್ಲೇ ಕೆಲಸ ಮುಗಿಯುತ್ತದೆ. ಅಡ್ಡಲಾಗಿ ಜೂನ್‌ನಿಂದ ಮೇ ತನಕ, ಎರಡು ದಿನಕ್ಕೆ ಒಂದು ಪಿಕ್ಸೆಲ್. ಒಂದು ಸಂಖ್ಯೆಯ ಎರಡು ಬೈಟ್‌ಗಳಲ್ಲಿ ಚಿಕ್ಕದು ಮೊದಲು ಬರುವ ಕ್ರಮ ಎರಡೂ ಯಂತ್ರಗಳಲ್ಲಿ ಒಂದೇ ಆಗಿರುವುದರಿಂದ ಆ ತಲೆನೋವು ಇರಲಿಲ್ಲ.

ಈ ವರ್ಷಕ್ಕೆ ನೀಲಿ ಗೆರೆ, ಹೋದ ವರ್ಷಕ್ಕೆ ಕೆಂಪು ಗೆರೆ ಬೇಕೆಂದು ಮಾವ ಹೇಳಿದ್ದರು. ಸ್ಪೆಕ್ಟ್ರಮ್‌ನಲ್ಲಿ 8ಕ್ಕೆ 8ರ ಒಂದು ಚೌಕದಲ್ಲಿ ಎರಡೇ ಬಣ್ಣ, ಅದರಲ್ಲಿ ಒಂದು ಹಿನ್ನೆಲೆಯದ್ದು. ಎರಡು ಗೆರೆಗಳು ಹತ್ತಿರ ಬಂದ ಕಡೆಯಲ್ಲೆಲ್ಲ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗೆರೆಗಳು ಒಂದನ್ನೊಂದು ಹಾಯುವುದೇ ನೋಡಬೇಕಾದ ಭಾಗ, ಅಲ್ಲಿಯೇ ಗೊಂದಲವಾದರೆ ನಕ್ಷೆಗೆ ಅರ್ಥವಿಲ್ಲ. ಈ ವರ್ಷದ್ದು ಅಖಂಡ ಗೆರೆ, ಹೋದ ವರ್ಷದ್ದು ಚುಕ್ಕಿ ಗೆರೆ, ಎರಡೂ ಕಪ್ಪು ಎಂದು ಮಾಡಿದೆ. ಮಾವ ಮೊದಲು ಸ್ವಲ್ಪ ಬೇಸರಪಟ್ಟರು. ಚೌಕದ ಕಾರಣ ತಿಳಿದ ಮೇಲೆ ತಾವೇ ಅತ್ತೆಗೆ ಅದನ್ನು ವಿವರಿಸುತ್ತಿದ್ದರು.

ಎಮ್ಯುಲೇಟರಿನಲ್ಲಿ, ಅಂದರೆ ವರ್ಕ್‌ಸ್ಟೇಷನ್ನಿನಲ್ಲಿಯೇ ಸ್ಪೆಕ್ಟ್ರಮ್‌ನಂತೆ ನಡೆದುಕೊಳ್ಳುವ ಫ್ಯೂಸ್ ತಂತ್ರಾಂಶದಲ್ಲಿ, ಎಲ್ಲವೂ ಸೊಗಸಾಗಿ ಕಂಡಿತು. ಇನ್ನು ಅದು ಮಂಡ್ಯಕ್ಕೆ ಹೋಗಬೇಕು.

ಸ್ಪೆಕ್ಟ್ರಮ್ ತನ್ನ ಕಾರ್ಯಕ್ರಮಗಳನ್ನು ಶಬ್ದವಾಗಿ ಓದುತ್ತದೆ. ಸೊನ್ನೆಗೆ ಚಿಕ್ಕ ಮಿಡಿತದ ಜೋಡಿ, ಒಂದಕ್ಕೆ ಅದರ ಎರಡರಷ್ಟು ಉದ್ದದ ಜೋಡಿ. ಚಿಕ್ಕ ಮಿಡಿತ ಪ್ರೊಸೆಸರಿನ 855 ಗಡಿಯಾರ ಬಡಿತ, ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಝಡ್88ಡಿಕೆ ತಾನೇ ಇದನ್ನು ಧ್ವನಿ ಕಡತವಾಗಿ ಬರೆದು ಕೊಡುತ್ತದೆ. 14 ಕಿಲೋಬೈಟಿನಷ್ಟಿದ್ದ ಕಾರ್ಯಕ್ರಮ ಒಂದೂವರೆ ನಿಮಿಷದ ಕಿರುಚಾಟವಾಗಿ, ಸುಮಾರು 4 ಮೆಗಾಬೈಟ್ ಆಯಿತು. ದಾರಿಗೆಂದು ಮಾತ್ರ ಉಬ್ಬಿ, ಆ ತುದಿಯಲ್ಲಿ ಮತ್ತೆ 14 ಕಿಲೋಬೈಟ್ ಆಗುತ್ತದೆ.

ಮೈಸೂರಿಗೂ ಮಂಡ್ಯಕ್ಕೂ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಆದರೆ ಪ್ರತಿ ತಿದ್ದುಪಡಿಗೂ ಹೋಗಿಬರುವ ಬದಲು ಧ್ವನಿ ಕಡತವನ್ನು ಮಾವನ ಮೊಬೈಲಿಗೆ ಕಳುಹಿಸುವುದೆಂದು ನಿರ್ಧರಿಸಿದೆವು. ಇಲ್ಲಿ ಕೆಲವು ವಿಷಯಗಳನ್ನು ಒತ್ತಿ ಹೇಳಬೇಕು. ಸಂದೇಶ ಕಳುಹಿಸುವ ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಹೋದರೆ, ಅದು ಮನುಷ್ಯರ ಮಾತಿಗೆ ಹೊಂದುವಂತೆ ಶಬ್ದವನ್ನು ಹಿಂಡುತ್ತದೆ. ಕಿವಿಗೆ ವ್ಯತ್ಯಾಸ ತಿಳಿಯದಿದ್ದರೂ ಮಿಡಿತಗಳ ಅಂಚು ಕರಗಿಹೋಗುತ್ತದೆ. ಕಡತವನ್ನು ದಾಖಲೆಯ ರೂಪದಲ್ಲಿ, ಇದ್ದಂತೆಯೇ ಕಳುಹಿಸಬೇಕು. ಮೊಬೈಲನ್ನು ವಿಮಾನದ ಸ್ಥಿತಿಗೆ ಹಾಕಬೇಕು, ನಡುವೆ ಒಂದು ಸಂದೇಶದ ಟಿಂಗ್ ಸದ್ದಾದರೂ ಓದು ಕೆಡುತ್ತದೆ. ಧ್ವನಿಯನ್ನು ಮಧುರಗೊಳಿಸುವ ಎಲ್ಲ ಸೌಲಭ್ಯಗಳನ್ನು ಆಫ್ ಮಾಡಬೇಕು, ಶಬ್ದ ಪೂರ್ತಿ ಏರಿಸಬೇಕು. ಮಾವನ ಮೊಬೈಲಿನಲ್ಲಿ ಇಯರ್‌ಫೋನಿನ ದುಂಡು ತೂತು ಇಲ್ಲದ್ದರಿಂದ ಚಾರ್ಜರ್ ತೂತಿಗೆ ಸಿಕ್ಕಿಸುವ ಸಣ್ಣ ಅಡಾಪ್ಟರ್ ಒಂದನ್ನು ಮಂಡ್ಯದ ಪೇಟೆ ಬೀದಿಯಲ್ಲಿ ಕೊಂಡರು. ಅಲ್ಲಿಂದ ಸ್ಪೆಕ್ಟ್ರಮ್‌ನ ಇಯರ್ ತೂತಿಗೆ ಮಾನೊ ತಂತಿ.

ಮೊದಲ ಲೋಡ್‌ಗೆ ನಾನು ಮಂಡ್ಯದಲ್ಲಿಯೇ ಇದ್ದೆ. ಜೆ ಕೀಲಿಯನ್ನು ಒತ್ತಿದರೆ ಲೋಡ್ ಎಂಬ ಪೂರ್ತಿ ಪದವೇ ಬರುತ್ತದೆ, ನಂತರ ಎರಡು ಉದ್ಧರಣ ಚಿಹ್ನೆ, ನಂತರ ಎಂಟರ್. ಮಾವನ ಬೆರಳುಗಳಿಗೆ ಅದು ಇನ್ನೂ ನೆನಪಿತ್ತು. ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿ ನೀಲಿಯ ದಪ್ಪ ಪಟ್ಟೆಗಳು, ಆಮೇಲೆ ನೀಲಿ ಹಳದಿಯ ಸಣ್ಣ ಪಟ್ಟೆಗಳು ಓಡಿದವು. ಅತ್ತೆ ಅಡುಗೆಮನೆಯಿಂದ ಬಂದು, "ಈ ಸದ್ದು ಮತ್ತೆ ಶುರುವಾಯಿತೇ" ಎಂದು ನಕ್ಕರು. ಸದ್ದು ನಿಂತಿತು, ಪರದೆ ಬೆಳ್ಳಗಾಯಿತು, "ಕನ್ನಂಬಾಡಿ ಕಟ್ಟೆ" ಎಂಬ ಪದಗಳು ಬಂದವು. ಮಾವ ಬಹಳ ಹೊತ್ತು ಏನೂ ಹೇಳದೆ ಅದನ್ನೇ ನೋಡುತ್ತಿದ್ದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಮೇಷ್ಟರ ಧಾಟಿಯಲ್ಲಿ, "ಚೆನ್ನಾಗಿದೆ. ಆದರೆ ಈ ಅಂಕಿ ಒಂದೋ ಸೊನ್ನೆಯೋ?" ಎಂದು ಕೇಳಿದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಎಮ್ಯುಲೇಟರಿನಲ್ಲಿ ಒಂದೊಂದು ಪಿಕ್ಸೆಲ್ಲೂ ಕತ್ತರಿಸಿಟ್ಟಂತೆ ಕಾಣುತ್ತದೆ. ನಿಜವಾದ ಟಿ.ವಿ.ಯಲ್ಲಿ, ಬಣ್ಣ ಮತ್ತು ಬೆಳಕು ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಸಿಗ್ನಲ್ಲಿನಲ್ಲಿ, ಒಂದು ಪಿಕ್ಸೆಲ್ ಅಗಲದ ಲಂಬ ಗೆರೆ ಮಸುಕಾಗುತ್ತದೆ, ಒಂದು ಪಿಕ್ಸೆಲ್ ಅಗಲದ ಸಂದು ಮುಚ್ಚಿಹೋಗುತ್ತದೆ. ಕನ್ನಡದ ೧ ಎಂದರೆ ಬಾಯಿ ತೆರೆದ ವೃತ್ತ. ಆ ಬಾಯಿ ಮುಚ್ಚಿದರೆ ಅದೇ ೦. ನೀರಿನ ಮಟ್ಟದ ಅಂಕಿಯಲ್ಲಿ ಇದನ್ನು ಸಹಿಸುವಂತಿಲ್ಲ. ೬ ಮತ್ತು ೯ ಕೂಡ ಒಂದನ್ನೊಂದು ಹೋಲತೊಡಗಿದ್ದವು.

ಮೈಸೂರಿಗೆ ಬಂದು ಹತ್ತೂ ಅಂಕಿಗಳನ್ನು ಹೊಸದಾಗಿ ಬಿಡಿಸಿದೆ. ಈ ಸಲ ಫಾಂಟಿನ ಹಂಗೇ ಇಲ್ಲದೆ, ಟಿ.ವಿ.ಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು. ಲಂಬ ಗೆರೆಗಳೆಲ್ಲ ಎರಡು ಪಿಕ್ಸೆಲ್ ದಪ್ಪ, ೧ರ ಬಾಯಿ ಮೂರು ಪಿಕ್ಸೆಲ್ ಅಗಲ, ೯ರ ಬಾಲವನ್ನು ಇನ್ನಷ್ಟು ಹೊರಕ್ಕೆ. ಪದಗಳಿಗೆ ಅದೇ ಫಾಂಟಿನ ಹೆಚ್ಚು ದಪ್ಪದ ರೂಪವನ್ನು ತೆಗೆದುಕೊಂಡು, ಸಂದುಗಳನ್ನು ಮತ್ತೆ ಕೈಯಿಂದ ತೆರೆದೆ. ವರ್ಕ್‌ಸ್ಟೇಷನ್ನಿನ ಪರದೆಯಲ್ಲಿ ಅವು ಈಗ ಒರಟಾಗಿ, ಮೊದ್ದಾಗಿ ಕಾಣುತ್ತವೆ. ಮಂಡ್ಯದ ಟಿ.ವಿ.ಯಲ್ಲಿ ಅಚ್ಚುಕಟ್ಟಾಗಿವೆ. ಅಲ್ಲಿಂದ ಮುಂದೆ ಪ್ರತಿ ರೂಪವನ್ನೂ ಮಾವ ಲೋಡ್ ಮಾಡಿ ಟಿ.ವಿ.ಯ ಫೋಟೊ ಕಳುಹಿಸುವುದು, ನಾನು ಅದನ್ನು ನೋಡಿ ತಿದ್ದುವುದು ಎಂದಾಯಿತು. ಎಮ್ಯುಲೇಟರನ್ನು ತರ್ಕ ಸರಿಯಿದೆಯೇ ಎಂದು ನೋಡಲು ಮಾತ್ರ ಬಳಸಿದೆ. ಕಣ್ಣಿಗೆ ಸಂಬಂಧಿಸಿದ ಯಾವ ತೀರ್ಮಾನವನ್ನೂ ಮೈಸೂರಿನಲ್ಲಿ ಮಾಡಲಿಲ್ಲ.

ವಿದ್ಯುತ್ ಆರಿಸಿದರೆ ಅಂಕಿಗಳು ಹೋಗುತ್ತವಲ್ಲ, ಅದಕ್ಕೂ ಯಂತ್ರದಲ್ಲಿಯೇ ಉತ್ತರವಿತ್ತು. ಸ್ಪೆಕ್ಟ್ರಮ್‌ನ ರಾಮ್‌ನ ಒಂದು ಭಾಗವನ್ನು ಶಬ್ದವಾಗಿ ಹೊರಹಾಕುವ ಕೋಡ್ ಅದರ ಅಳಿಯದ ಮೆಮೊರಿಯಾದ 16 ಕಿಲೋಬೈಟ್ ರೋಮ್‌ನಲ್ಲಿ ಸಿದ್ಧವಾಗಿದೆ, ನನ್ನ ಕಾರ್ಯಕ್ರಮ ಅದನ್ನು ಕರೆದರೆ ಸಾಕು. ಒಂದು ವರ್ಷದ ಅಂಕಿಗಳು 730 ಬೈಟ್, ಕ್ಯಾಸೆಟ್ಟಿಗೆ ಹೋಗಲು ಕೆಲವೇ ಸೆಕೆಂಡು. ಮಾವನ ಹಳೆಯ ಟೇಪ್ ರೆಕಾರ್ಡರ್ ಇನ್ನೂ ಗಟ್ಟಿಯಾಗಿದೆ. ವರ್ಷಕ್ಕೊಂದು ಕ್ಯಾಸೆಟ್ ಎಂದು ಅವರು ಚೀಟಿ ಅಂಟಿಸಿ ಇಡುತ್ತಿದ್ದಾರೆ.

ಪುಸ್ತಕದ ಅಂಕಿಗಳನ್ನು ತುಂಬುವುದು ನಡೆಯುತ್ತಿರುವಾಗಲೇ ಮಾವ ಇನ್ನೊಂದು ಬೇಡಿಕೆ ಇಟ್ಟರು. "ಕೆ.ಆರ್.ಎಸ್. ಒಂದನ್ನೇ ನೋಡಿದರೆ ಪೂರ್ತಿ ತಿಳಿಯುವುದಿಲ್ಲಮ್ಮ. ಗೊರೂರಿನ ಹೇಮಾವತಿ ತುಂಬಿದರೆ ನೀರು ಇಲ್ಲಿಗೇ ಬರಬೇಕು. ಅದರ ಗೆರೆಯನ್ನೂ ಸೇರಿಸು."

ಕೇಳಲು ಸಣ್ಣ ಮಾತು. ಆದರೆ ಹೇಮಾವತಿಯ ಮಟ್ಟವನ್ನು ಸಮುದ್ರ ಮಟ್ಟದಿಂದ ಹೇಳುತ್ತಾರೆ, ಗರಿಷ್ಠ 2922 ಅಡಿ. ನೂರನೆಯ ಭಾಗದಲ್ಲಿ ಬರೆದರೆ 292200. ಋಣಸಂಖ್ಯೆಗಳನ್ನು ಪೂರ್ತಿ ಬಿಟ್ಟುಕೊಟ್ಟರೂ 16 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆಯೇ 65535. 32 ಬಿಟ್‌ಗೆ ಹೋಗಬಹುದಿತ್ತು, ಕಂಪೈಲರ್ ಅದನ್ನೂ ಮಾಡಿಕೊಡುತ್ತದೆ, ಆದರೆ ಪ್ರತಿ ಅಂಕಿಗೂ ಎರಡರಷ್ಟು ಜಾಗ, ಪ್ರತಿ ಹೋಲಿಕೆಗೂ ಹೆಚ್ಚಿನ ಆದೇಶಗಳು. ಕ್ಯಾಸೆಟ್ಟುಗಳಲ್ಲಿ ಆಗಲೇ ಉಳಿಸಿದ್ದ ಅಂಕಿಗಳ ರೂಪವೂ ಬದಲಾಗುತ್ತಿತ್ತು. ಅದರ ಬದಲು ಹೇಮಾವತಿಗೆ, ತುಂಬಲು ಇನ್ನೆಷ್ಟು ಅಡಿ ಬಾಕಿ ಎಂಬುದನ್ನು ಮಾತ್ರ ಉಳಿಸುವಂತೆ ಮಾಡಿದೆ. ಮಾವ 2910.45 ಎಂದು ಒತ್ತುತ್ತಾರೆ. ಕಾರ್ಯಕ್ರಮ ಅಡಿ ಮತ್ತು ನೂರನೆಯ ಭಾಗವನ್ನು ಬೇರೆಬೇರೆಯಾಗಿ ತೆಗೆದುಕೊಂಡು, 2922ರಿಂದ ಕಳೆದು, 1155 ಎಂದು ಇಟ್ಟುಕೊಳ್ಳುತ್ತದೆ. ತೋರಿಸುವಾಗ ಮತ್ತೆ ಹಿಂದಿರುಗಿಸುತ್ತದೆ. ಕಬಿನಿಯ 2284 ಅಡಿಗೂ ಇದೇ ಕೋಡ್ ಸಾಕು, ಗರಿಷ್ಠ ಮಟ್ಟದ ಒಂದು ಸಂಖ್ಯೆ ಬದಲಾದರಾಯಿತು. "ಹೇಮಾವತಿ", "ಕಬಿನಿ" ಎರಡು ಪದಚಿತ್ರಗಳನ್ನು ದಪ್ಪ ಗೆರೆಯಲ್ಲಿ ಬಿಡಿಸಿ ಸೇರಿಸಿ, ಹೊಸ ಧ್ವನಿ ಕಡತವನ್ನು ನಿನ್ನೆ ರಾತ್ರಿ ಮಾವನಿಗೆ ಕಳುಹಿಸಿದ್ದೇನೆ.